ಬೆಳಗಾವಿಯ ಬಗಲಲ್ಲೇ ಹರಿಯುವ ಮಾರ್ಕಂಡೇಯ

ಬೆಳಗಾವಿಯವರು ನದಿ ನೋಡಬೇಕೆಂದರೆ ಖಾನಾಪುರದ ಮಲಪ್ರಭೆಗೋ ಗೋಕಾಕದ ಘಟಪ್ರಭೆಗೋ ಹೊರಡುತ್ತಾರೆ. ಊರಿನ ಉತ್ತರಕ್ಕೆ ಹಿಂಡಲಗಾ, ಕಂಗ್ರಾಳಿ, ಕಾಕತಿಗಳ ಹೊಲಗದ್ದೆಗಳ ನಡುವೆ ಹರಿಯುವ ಮಾರ್ಕಂಡೇಯವನ್ನು ಮಾತ್ರ ಸೇತುವೆ ದಾಟುವಾಗ ಕಂಡಷ್ಟೇ ಕಂಡು ಮುಂದೆ ಸಾಗುತ್ತಾರೆ. ಕುಡಿಯುವ ನೀರಿನ ರಕ್ಕಸಕೊಪ್ಪ ಜಲಾಶಯ ಇದೇ ನದಿಯದು ಎಂಬುದನ್ನು ನೆನೆದಾಗ ಈ ಉಪೇಕ್ಷೆ ನನ್ನನ್ನು ಬಹಳ ನೋಯಿಸುತ್ತದೆ.

ಸಹ್ಯಾದ್ರಿಯ ಸೆರಗಿನ ಬೈಲೂರು ಭಾಗದಲ್ಲಿ ಹುಟ್ಟುವ ಈ ನದಿ ಮಳೆಗಾಲದಲ್ಲಿ ಕೆಮ್ಮಣ್ಣು ಕಲಸಿಕೊಂಡು ದಡ ಮೀರಿ ಬರುತ್ತದೆ. ಬೇಸಿಗೆಯಲ್ಲಿ ಹರಿವು ಸೊರಗಿ, ಅಲ್ಲಲ್ಲಿ ಉಳಿದ ಮಡುಗಳೇ ನದಿಯಾಗುತ್ತವೆ. ಮೀನು ಹಿಡಿಯುವವರಿಗೆ ಈ ಮಡುಗಳ ಆಳ ಅಗಲವೆಲ್ಲ ಬಾಯಿಪಾಠ. ಕಂಗ್ರಾಳಿಯ ಕಡೆ ದಡದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಬಿದಿರಿನ ಕೋಲಿಗೆ ದಾರ ಕಟ್ಟಿ, ನವಿಲುಗರಿಯ ದಂಟಿನ ತುಂಡನ್ನು ತೇಲಿಬಿಟ್ಟು, ಗಾಳಕ್ಕೆ ಎರೆಹುಳು ಸಿಕ್ಕಿಸಿದ್ದರು. ದಂಟು ಸುಮ್ಮನೆ ನಡುಗಿದರೆ ಅವರು ಕೋಲು ಅಲುಗಿಸಲಿಲ್ಲ. ಓರೆಯಾಗಿ ನೀರೊಳಗೆ ಜಾರಿದಾಗಲೇ ಎಳೆದರು. ಸಿಕ್ಕಿದ್ದು ಅಂಗೈಯಗಲದ ಜಿಲೇಬಿ ಮೀನು. “ಹೊಸ ನೀರ ಬಂದಾಗ ಮೀನ ಮ್ಯಾಲ ಏರತಾವ್ರೀ, ಆವಾಗ ಹಿಡೀಬಾರದು” ಎಂದರು. ಮೊಟ್ಟೆಯಿಡಲು ಹೊಳೆಯೇರುವ ಮೀನನ್ನು ಬಿಡಬೇಕೆಂಬ ಈ ತಿಳಿವಳಿಕೆ ಎಲ್ಲರಲ್ಲೂ ಇದ್ದರೆ ಚೆನ್ನಾಗಿತ್ತು.

ಕಾಕತಿ ದಾಟಿದ ಮೇಲೆ ನದಿ ಪೂರ್ವಕ್ಕೆ ಹೋದಂತೆಲ್ಲ ಮಳೆ ಕಡಿಮೆಯಾಗುತ್ತದೆ, ಭತ್ತದ ಗದ್ದೆಗಳು ಹಿಂದುಳಿದು ಕಬ್ಬು, ಜೋಳದ ಹೊಲಗಳು ಎದುರಾಗುತ್ತವೆ. ಇಲ್ಲಿಯವರೆಗೆ ತಗ್ಗು ಮಣ್ಣಿನ ದಡಗಳ ನಡುವೆ ಸಮಾಧಾನದಿಂದ ಬಂದ ನದಿ, ಗೊಡಚಿನಮಲ್ಕಿಯಲ್ಲಿ ಗಟ್ಟಿ ಮರಳುಗಲ್ಲಿನ ಬಂಡೆಗಳಿಗೆ ಸಿಕ್ಕು, ಮೊದಲು ಸುಮಾರು 25 ಮೀಟರ್, ಕಲ್ಲುಕಣಿವೆಯಲ್ಲಿ ಸ್ವಲ್ಪ ದೂರ ಹರಿದು ಮತ್ತೆ ಸುಮಾರು 20 ಮೀಟರ್ ಕೆಳಗೆ ಧುಮುಕುತ್ತದೆ. ಅಲ್ಲಿಂದ ಮುಂದೆ ಗೋಕಾಕದ ಹತ್ತಿರ ಘಟಪ್ರಭೆಯನ್ನು ಸೇರುತ್ತದೆ.

ಜಲಪಾತಕ್ಕೆ ಮಳೆಗಾಲದ ಭರವೇ ಸರಿ. ಊರ ಬಗಲಿನ ನದಿಯನ್ನು ನೋಡುವುದಾದರೆ ಮಳೆ ನಿಂತು ನೀರು ತಿಳಿಯಾಗುವ ಅಕ್ಟೋಬರ್ ಕೊನೆ, ನವೆಂಬರ್ ತಿಂಗಳು ಒಳ್ಳೆಯದು. ಆಗ ಹರಿವೂ ಇರುತ್ತದೆ, ದಡದ ಕೆಸರೂ ಆರಿರುತ್ತದೆ.