ಹಾತೆ ಎದ್ದ ಸಂಜೆ

ಶಿರಸಿ, ಜೂನ್ 11

ಮಳೆ ಹೊಳವಾಗಿದ್ದೇ ತಡ, ದೀಪಕ್ಕೆ ಮುತ್ತುವ ರೆಕ್ಕೆ ಹುಳ, ಹಾತೆ, ಎದ್ದಿತು. ಮೇಲಿನಮನೆ ಅತ್ತಿಗೆಯ ಫೋನು: "ಜಗಲಿ ತುಂಬ ರೆಕ್ಕೆ ಹುಳ. ಒರಲೆಯೋ ಇರುವೆಯೋ ಗೊತ್ತಾಗ್ತಿಲ್ಲೆ. ಎಂತ ಮಾಡವು?"

ದೀಪ ಆರಿಸು ಅತ್ತಿಗೆ, ಒಂದನ್ನು ಹಿಡಿದು ಬಿಳಿ ಕಾಗದದ ಮೇಲಿಡು ಎಂದೆ. ಮೊದಲು ಸೊಂಟ. ಇರುವೆಗೆ ಎದೆ, ಹೊಟ್ಟೆಗಳ ನಡುವೆ ತೀರಾ ಸಣ್ಣ ನಡು. ಒರಲೆಗೆ, ಅಂದರೆ ಗೆದ್ದಲಿಗೆ, ನಡುವೇ ಇಲ್ಲ, ಮೈಯೆಲ್ಲ ಒಂದೇ ದಪ್ಪ. ಇರುವೆಯ ಮೀಸೆ ಮಧ್ಯದಲ್ಲಿ ಮಡಚಿರುತ್ತದೆ, ಒರಲೆಯದು ಮಣಿ ಪೋಣಿಸಿದ ಹಾಗೆ, ನೆಟ್ಟಗೆ. ರೆಕ್ಕೆ ಎರಡಕ್ಕೂ ನಾಲ್ಕೇ. ಒರಲೆಯ ನಾಲ್ಕೂ ಒಂದೇ ಅಳತೆ, ಮೈಗಿಂತ ಎಷ್ಟೋ ಉದ್ದ; ಇರುವೆಗೆ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು. ಹುಳ ಕೈಗೆ ಸಿಗದಿದ್ದರೆ ಬೆಳಿಗ್ಗೆ ಕಸ ಗುಡಿಸುವ ಮೊದಲು ಉದುರಿದ ರೆಕ್ಕೆ ನೋಡಿದರೂ ಆಯಿತು.

ಅತ್ತಿಗೆಗೆ ಸಿಕ್ಕಿದ್ದು ಒರಲೆಯೇ. ಹಾಗಂತ ಔಷಧಿ ಹೊಡೆಯುವವರನ್ನು ಕರೆಯಬೇಕಿಲ್ಲ. ದೀಪಕ್ಕೆ ಬಂದ ಹಾತೆ ಮರ ತಿನ್ನಲು ಬಂದದ್ದಲ್ಲ. ರೆಕ್ಕೆ ಉದುರಿಸಿ, ಜೋಡಿಯಾಗಿ ಒದ್ದೆ ಮಣ್ಣು ಹುಡುಕುತ್ತದೆ. ಒಣ ಜಗಲಿಯಲ್ಲಿ ಹೆಚ್ಚಿನವು ಸಾಯುತ್ತವೆ, ಉಳಿದವು ಹಲ್ಲಿಯ ಪಾಲು. ನೋಡಬೇಕಾದ್ದು ಎಲ್ಲಿಂದ ಎದ್ದಿತು ಎಂಬುದನ್ನು. ಅಂಗಳದಿಂದ, ತೋಟದಿಂದ ಆದರೆ ಬಿಟ್ಟುಬಿಡಿ. ಗೋಡೆಯ ಬಿರುಕಿನಿಂದಲೋ ಬಾಗಿಲ ದಾರಂದದ ಬುಡದಿಂದಲೋ ಹೊರಟರೆ ಒರಲೆ ಮನೆಯೊಳಗೇ ದಾರಿ ಮಾಡಿದೆ.

ಆಗ ಗೋಡೆಗುಂಟ ಪೆನ್ಸಿಲ್ ದಪ್ಪದ ಮಣ್ಣಿನ ಸುರಂಗ ಹುಡುಕಬೇಕು. ನಡುವೆ ಬೆರಳುದ್ದ ಒಡೆದು ಬಿಡಿ. ಒಂದೆರಡು ದಿನದಲ್ಲಿ ಹಸಿ ಮಣ್ಣು ಮೆತ್ತಿದ್ದರೆ ಒಳಗೆ ಓಡಾಟ ಇದೆ. ಮೆತ್ತದಿದ್ದರೆ ಒರಲೆ ಹೋಯಿತು ಎನ್ನುವ ಹಾಗಿಲ್ಲ, ಬೇರೆ ದಾರಿ ಹಿಡಿದಿರಬಹುದು. ಸೀಮೆಎಣ್ಣೆ ಸುರಿಯುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕಂಡಷ್ಟು ಹುಳ ಸಾಯುತ್ತದೆ. ರಾಣಿ ಮಣ್ಣಿನಡಿ ಮೊಟ್ಟೆ ಇಡುತ್ತಲೇ ಇರುತ್ತದೆ.

ಪಾಪದ ಕಡಜಕ್ಕೂ ಇದೇ ಗತಿ. ಅಟ್ಟದ ಮೂಲೆಯಲ್ಲಿ ಅದು ಕಟ್ಟಿದ ಮಣ್ಣಿನ ಉಂಡೆಯನ್ನು ಒರಲೆ ಎಂದು ಕೆರೆದು ಹಾಕುತ್ತಾರೆ. ಅದಕ್ಕೆ ನೆಲದಿಂದ ಹತ್ತಿ ಬಂದ ಗೆರೆ ಇರುವುದಿಲ್ಲ. ಒಡೆದರೆ ಒಳಗೆ ಮರಿಗೆಂದು ತುಂಬಿಟ್ಟ ಜೇಡವೋ ಹಸಿರು ಹುಳವೋ ಸಿಗುತ್ತದೆ. ಮರಕ್ಕೆ ಅದರಿಂದ ಏನೂ ಆಗದು.

ಹಂಚು ಹೊರುವ ಪಕಾಸಿನಿಂದ ಪುಡಿ ಉದುರುವುದು ಬೇರೆಯೇ ಕಥೆ. ಹಿಟ್ಟಿನಷ್ಟು ನುಣ್ಣಗಿದ್ದು, ಮರದಲ್ಲಿ ಗುಂಡುಸೂಜಿ ತೂರುವಷ್ಟು ತೂತಿದ್ದರೆ ಮರ ಕೊರೆಯುವ ಕುಟ್ಟೆ ಹುಳ. ಮರಳಿನ ಹಾಗೆ ಕಾಳುಕಾಳಾಗಿದ್ದರೆ ಒಣಮರದ ಒರಲೆ. ಅದಕ್ಕೆ ನೆಲದ ನಂಟೇ ಬೇಡ, ಸುರಂಗ ಹುಡುಕಿದರೆ ಸಿಗುವುದಿಲ್ಲ. ಮರವನ್ನೇ ಬದಲಿಸಬೇಕಾಗಿ ಬಂದರೆ, ಈ ಮಳೆಯಲ್ಲಿ ಹಂಚು ಇಳಿಸುವುದಂತೂ...