ಎರವಲು ಸೈಕಲ್ಲಿನಲ್ಲಿ ಆಮ್‌ಸ್ಟರ್‌ಡ್ಯಾಮ್

ರಜೆಗೆ ಊರಿಗೆ ಹೊರಟವರು ಆಮ್‌ಸ್ಟರ್‌ಡ್ಯಾಮಿನಲ್ಲಿ ನಿಮ್ಮ ಕೈಗೆ ಕೊಟ್ಟುಹೋಗುವ ಹಳೇ ಸೈಕಲ್ಲಿನ ಹ್ಯಾಂಡಲಲ್ಲಿ ಬ್ರೇಕ್ ಇಲ್ಲದಿದ್ದರೆ ಗಾಬರಿಯಾಗಬೇಡಿ. ಬ್ರೇಕ್ ಕಾಲಲ್ಲಿದೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ಹಿಡಿಯುತ್ತದೆ. ನಮ್ಮ ಕಡೆ ಸೈಕಲ್ ಹೊಡೆದವರಿಗೆ ಸುಮ್ಮನೆ ಪೆಡಲ್ ಹಿಂದಕ್ಕೆ ತಿರುಗಿಸುವ ಚಾಳಿ ಇರುತ್ತದೆ. ಇಲ್ಲಿ ಹಾಗೆ ಮಾಡಿದರೆ ಗಾಡಿ ಗಕ್ಕನೆ ನಿಂತು, ಹಿಂದೆ ಬರುವವರು ಮೇಲೆ ಬೀಳುತ್ತಾರೆ. ಖಾಲಿ ಓಣಿಯಲ್ಲಿ ಹತ್ತು ಸಲ ನಿಲ್ಲಿಸಿ ನೋಡಿ. ನಿಲ್ಲುವಾಗಲೇ ಬಲಗಾಲಿನ ಪೆಡಲ್ ಮೇಲಿರಲಿ, ಆಮೇಲೆ ಅದನ್ನು ಹಿಂದಕ್ಕೆ ತಿರುಗಿಸಿ ಮೇಲೆ ತರಲಾಗದು. ಚೈನ್ ಕವರಿನೊಳಗೆ ಕಟಕಟ ಸದ್ದು ಬಂದರೆ ಚೈನ್ ಸಡಿಲಾಗಿದೆ ಎಂದು ಅರ್ಥ. ಅದು ಕಳಚಿದರೆ ಬ್ರೇಕೂ ಹೋದಂತೆ, ಮೊದಲು ಬಿಗಿ ಮಾಡಿಸಿ.

ಗಾಳಿ ಹಾಕುವುದು ಸುಲಭ: ಬಹಳಷ್ಟು ಸೈಕಲ್ಲುಗಳಲ್ಲಿ ನಮ್ಮೂರ ಸೈಕಲ್ಲಿನಂಥದೇ ವಾಲ್ವ್. ಕಾರಿನ ಪಂಪ್ ಮಾತ್ರ ಅದಕ್ಕೆ ಕೂರುವುದಿಲ್ಲ.

ಬೀಗ ಎರಡಿರುತ್ತವೆ. ಹಿಂದಿನ ಚಕ್ರದ ಬಳೆ ಬೀಗ ತೆರೆದಿರುವಷ್ಟು ಹೊತ್ತೂ ಕೀ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಸರಪಳಿಯ ಕೀಯೂ ಅದೇ ಗೊಂಚಲಲ್ಲಿದ್ದರೆ ಬಿಡಿಸುವಾಗ ಸರಪಳಿ ಮೊದಲು, ಬಳೆ ಆಮೇಲೆ; ಹಾಕುವಾಗ ಬಳೆ ಮೊದಲು. ಸರಪಳಿ ಮುಂದಿನ ಚಕ್ರ, ಫ್ರೇಮ್, ಕಬ್ಬಿಣದ ಕಂಬ ಮೂರನ್ನೂ ಸುತ್ತಬೇಕು. ಸೆಂಟ್ರಲ್ ನಿಲ್ದಾಣದ ಹತ್ತಿರ ಬೇಲಿಗೆ ಕಟ್ಟಿ ಹೋದರೆ ಪಾಲಿಕೆಯವರು ಎತ್ತಿಕೊಂಡು ಹೋಗುವ ಸಂಭವ ಹೆಚ್ಚು. 2023ರಲ್ಲಿ ನಿಲ್ದಾಣದ ಮುಂದೆ ನೀರಿನಡಿ ತೆರೆದ ತಂಗುದಾಣದಲ್ಲಿ ಸುಮಾರು 7,000 ಸೈಕಲ್ಲಿಗೆ ಜಾಗವಿದೆ, ಮೊದಲ 24 ಗಂಟೆ ಪುಕ್ಕಟೆ.

ಸಂಚಾರ ಬಲಗಡೆ. ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಿ. ನೆಲದ ಮೇಲಿನ ಬಿಳಿ ತ್ರಿಕೋನಗಳ ಮೂತಿ ನಿಮ್ಮತ್ತ ಇದ್ದರೆ ಕಾಯಬೇಕಾದವರು ನೀವು. ಟ್ರಾಮ್ ಹಳಿಯ ಸಂದಿಗೆ ಟೈರ್ ಇಳಿದರೆ ಬಿದ್ದಂತೆಯೇ. ಹಳಿಯನ್ನು ಓರೆಯಾಗಿ ದಾಟದೆ ಆದಷ್ಟೂ ಅಡ್ಡಲಾಗಿ ದಾಟಿ. ಮಳೆಯಲ್ಲಿ ಹಳಿ ಎಣ್ಣೆ ಸವರಿದ ಹಾಗೆ ಜಾರುತ್ತದೆ, ಅದರ ಮೇಲೆ ತಿರುಗಲೂ ಬೇಡಿ, ಬ್ರೇಕೂ ಬೇಡ.

ಸೈಕಲ್ ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದರೆ 2019ರ ಜುಲೈನಿಂದ ದಂಡ. ಕಾಲುವೆಗಳೇ ನಕ್ಷೆ: ಒಳಗಿನಿಂದ ಹೊರಕ್ಕೆ ಸಿಂಗಲ್, ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್, ಕುದುರೆ ಲಾಳದಂತೆ. ಹೊರಗಿನ ಮೂರರಲ್ಲಿ ಮನೆ ನಂಬರ್ ಬ್ರೌವರ್ಸ್‌ಗ್ರಾಖ್ಟ್ ಕಾಲುವೆಯ ಕಡೆಯಿಂದ ಶುರುವಾಗಿ ಆಮ್‌ಸ್ಟೆಲ್ ನದಿಯತ್ತ ಏರುತ್ತದೆ. ಆಮ್‌ಸ್ಟೆಲ್ ಕಡೆ ಹೊರಟಾಗ ನಂಬರ್ ಇಳಿಯುತ್ತಿದ್ದರೆ ಅಲ್ಲಿಗೆ ಗೊತ್ತಾಯಿತು, ದಿಕ್ಕು ತಪ್ಪಿದೆ.

ನಗರ ಸಾಕೆನಿಸಿದಾಗ ನಿಲ್ದಾಣದ ಹಿಂಬದಿಯಿಂದ ದೋಣಿ ಹಿಡಿದು ಉತ್ತರ ದಡಕ್ಕೆ ಹೋಗಿ. ಟಿಕೆಟ್ ಇಲ್ಲ, ಸೈಕಲ್ಲಿಗೂ ಇಲ್ಲ. ಕೈ ಬ್ರೇಕಿಲ್ಲದ ಗಾಡಿ ದೋಣಿಯಲ್ಲಿ ಉರುಳುತ್ತದೆ, ಬಳೆ ಬೀಗ ಹಾಕಿಬಿಡಿ. ಅಲ್ಲಿಂದ ಏರಿಯ ಮೇಲೇ ಪೂರ್ವಕ್ಕೆ ಹೋದರೆ ಡುರ್ಗರ್‌ಡಾಮ್ ಹಳ್ಳಿ. ಇಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುವುದು; ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. ಒಂದೇ ಗೇರಿನ ಗಾಡಿಗೆ ಬರುವ ದಾರಿಯಲ್ಲಿ ದುಪ್ಪಟ್ಟು ಹೊತ್ತು ಇಟ್ಟುಕೊಳ್ಳಿ.