ಬಾಡಿಗೆ ಏರಿಕೆ ಕೊಡದವರನ್ನು ಮನೆಯಿಂದ ಹೊರಗೆ ಹಾಕಲಿಲ್ಲವೇ?

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗೋವನ್ ಬಡಾವಣೆಯಲ್ಲಿ ಬಾಡಿಗೆ ಏರಿಕೆಯ ವಿರುದ್ಧ ಹೆಂಗಸರನ್ನು ಸಂಘಟಿಸಿದ ಮೇರಿ ಬಾರ್ಬರ್ ಹೆಸರು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. 1915ರಲ್ಲಿ ಸಾವಿರಾರು ಬಾಡಿಗೆದಾರರು ಏರಿಕೆ ಕೊಡುವುದಿಲ್ಲ ಎಂದು ಕೂತರಲ್ಲ, ಕೋರ್ಟಿನ ಅಮೀನರನ್ನು ಕಳಿಸಿ ಸಾಮಾನು ಬೀದಿಗೆ ಹಾಕಿಸುವುದು ಮಾಲೀಕರಿಗೆ ಅಷ್ಟು ಕಷ್ಟವಿತ್ತೇ?

ಕಷ್ಟವಿತ್ತು. ಕಷ್ಟವಾಗುವಂತೆ ನೋಡಿಕೊಂಡವರು ಅಕ್ಕಪಕ್ಕದ ಮನೆಯ ಹೆಂಗಸರು.

ಮೊದಲ ಮಹಾಯುದ್ಧಕ್ಕೆ ಹಡಗು, ಮದ್ದುಗುಂಡು ಬೇಕೆಂದು ಗ್ಲಾಸ್ಗೋದ ಕ್ಲೈಡ್ ನದಿಯ ದಂಡೆಗೆ ಕಾರ್ಮಿಕರು ಬಂದು ತುಂಬಿದರು. ಹೊಸ ಮನೆ ಕಟ್ಟುವುದು ನಿಂತಿತ್ತು. ಮಾಲೀಕರ ಪರವಾಗಿ ಬಾಡಿಗೆ ವಸೂಲಿ ಮಾಡುವ ಫ್ಯಾಕ್ಟರ್‌ಗಳು ಇದೇ ಸಮಯ ಎಂದು ಬಾಡಿಗೆ ಏರಿಸಿದರು. ಬಾಡಿಗೆದಾರರು ಬಾಡಿಗೆಯನ್ನು ಪೂರ್ತಿ ನಿಲ್ಲಿಸಲಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಹಳೆಯ ಬಾಡಿಗೆ ತಗೊಳ್ಳಿ, ಏರಿಸಿದ್ದು ಮಾತ್ರ ಕೊಡುವುದಿಲ್ಲ ಎಂಬುದು ಅವರ ಪಟ್ಟು. ಹಾಗಾಗಿ ಊರಿನ ಸಹಾನುಭೂತಿ ಅವರ ಕಡೆಗಿತ್ತು.

ಆ ವಠಾರಗಳ ರಚನೆಯೂ ನೆರವಿಗೆ ಬಂತು. ಮೂರು ನಾಲ್ಕು ಮಹಡಿಯ ಕಟ್ಟಡ, ಎಲ್ಲರಿಗೂ ಸೇರಿ ಬೀದಿಯಿಂದ ಒಂದೇ ಇಕ್ಕಟ್ಟಾದ ಓಣಿ ಮತ್ತು ಮೆಟ್ಟಿಲು, ಹಿಂದೆ ಬಟ್ಟೆ ಒಗೆಯುವ ಹಿತ್ತಿಲು. ಅಮೀನ ಬರುವುದು ಹಗಲಲ್ಲಿ, ಗಂಡಸರು ಕೆಲಸಕ್ಕೆ ಹೋದ ಮೇಲೆ. ಅದಕ್ಕೇ ಒಬ್ಬ ಹೆಂಗಸು ಕೈಯಲ್ಲಿ ಗಂಟೆ ಹಿಡಿದು ಓಣಿಯಲ್ಲಿ ಕಾವಲು ಕೂರುತ್ತಿದ್ದಳು. ಗಂಟೆ ಬಾರಿಸಿದರೆ ಒಗೆಯುತ್ತಿದ್ದವಳು ಒದ್ದೆ ಬಟ್ಟೆ ಹಿಡಿದು, ಅಡುಗೆಯಲ್ಲಿದ್ದವಳು ಹಿಟ್ಟಿನ ಪೊಟ್ಟಣ ಹಿಡಿದು ಓಡಿಬರಬೇಕು. ಓಣಿ ತುಂಬ ಹೆಂಗಸರು ನಿಂತರೆ ಅಮೀನನಿಗೆ ಮೆಟ್ಟಿಲೇ ಸಿಗುವುದಿಲ್ಲ. ಮೈಮೇಲೆ ಹಿಟ್ಟು ಸುರಿಸಿಕೊಂಡು ವಾಪಸ್ಸು.

ಏರ್ಪಾಡು ಕೆಡುತ್ತಿದ್ದುದು ಬೇರೆ ಕಡೆ. ಫ್ಯಾಕ್ಟರ್ ಒಬ್ಬೊಬ್ಬರ ಬಾಗಿಲಿಗೆ ಬಂದು, "ಪಕ್ಕದ ಮನೆಯವರು ಆಗಲೇ ಕೊಟ್ಟಾಯಿತು" ಎಂದರೆ ಒಂಟಿಯಾಗಿದ್ದವಳು ಹೆದರಿ ಕೊಟ್ಟುಬಿಡುತ್ತಾಳೆ. ಗೋವನ್‌ನ ಒಂದು ಬೀದಿಯಲ್ಲಿ ಹೀಗೇ ಆಯಿತು. ಆಗ ಬಾರ್ಬರ್ ಹಡಗುಕಟ್ಟೆಯ ಗಂಡಸರನ್ನೇ ಫ್ಯಾಕ್ಟರ್‌ನ ಆಫೀಸಿಗೆ ಕರೆತಂದರೆಂದು ಜೊತೆಗಾತಿ ಹೆಲನ್ ಕ್ರಾಫರ್ಡ್ ಬರೆದಿಟ್ಟಿದ್ದಾರೆ. ಮಸಿ ಮುಖದ ಆ ಜನಜಂಗುಳಿ ನೋಡಿ ಆತ ದುಡ್ಡು ಹಿಂದಿರುಗಿಸಿದ. ಕಿಟಕಿಗಳಲ್ಲಿ ಹಾಕುತ್ತಿದ್ದ "ನಾವು ಖಾಲಿ ಮಾಡುವುದಿಲ್ಲ" ಎಂಬ ಕಾರ್ಡಿನ ಉಪಯೋಗವೂ ಇದೇ ಎಂದು ನನಗನಿಸುತ್ತದೆ: ಪಕ್ಕದವರು ಗಟ್ಟಿಯಾಗಿದ್ದಾರೆಂಬುದು ಬೀದಿಯಿಂದಲೇ ಕಾಣುತ್ತದೆ, ಸುಳ್ಳು ನಡೆಯುವುದಿಲ್ಲ.

ಓಣಿಯಲ್ಲಿ ಸೋತ ಮೇಲೆ ಮಾಲೀಕರು ಹಿಡಿದ ದಾರಿ ಕೋರ್ಟು. ಬಾಕಿಯನ್ನು ನೇರ ಸಂಬಳದಲ್ಲೇ ಮುರಿದುಕೊಳ್ಳಲು ಆದೇಶ ಕೇಳಿದರು. ಸಂಬಳ ಕಚೇರಿಯ ಮುಂದೆ ಹಿಟ್ಟು ಎರಚಿ ಪ್ರಯೋಜನವಿಲ್ಲ, ಆ ಮಟ್ಟಿಗೆ ಇದು ಜಾಣ ನಡೆ. ಆದರೆ ಸಂಬಳಕ್ಕೆ ಕೈ ಹಾಕಿದ್ದರಿಂದ ಕಾರ್ಖಾನೆಗಳೇ ಬೀದಿಗಿಳಿದವು. 1915ರ ನವೆಂಬರ್ 17ರಂದು 18 ಬಾಡಿಗೆದಾರರ ವಿಚಾರಣೆಯ ದಿನ ಸಾವಿರಾರು ಜನ ಕೋರ್ಟಿನ ಸುತ್ತ ನೆರೆದರು. ಮೊಕದ್ದಮೆ ಬಿದ್ದುಹೋಯಿತು. ಡಿಸೆಂಬರ್‌ನಲ್ಲಿ ಇಡೀ ಬ್ರಿಟನ್ನಿಗೆ ಕಾನೂನು ಬಂತು: ಬಾಡಿಗೆ 1914ರ ಆಗಸ್ಟ್‌ನಲ್ಲಿ ಇದ್ದಷ್ಟೇ. ಬಾರ್ಬರ್ 1920ರಲ್ಲಿ ನಗರಸಭೆಗೆ ಆಯ್ಕೆಯಾದರು.

ಬೆಂಗಳೂರಿನವರು ನಮಗೂ ಅಂಥ ಕಾನೂನು ಇಲ್ಲವೇ ಎನ್ನುತ್ತಾರೆ. ಇದೆ, ಆದರೆ ಮಿತಿ ನೋಡಬೇಕು. ಬ್ರಿಟನ್ನಿನ ಕಾನೂನು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 30 ಪೌಂಡ್ ಮೌಲ್ಯದವರೆಗಿನ ಮನೆಗಳಿಗೆ ಅನ್ವಯಿಸುತ್ತಿತ್ತು. ಕಾರ್ಮಿಕರ ಮನೆಗಳೆಲ್ಲ ಹೆಚ್ಚುಕಡಿಮೆ ಅದರೊಳಗೇ ಬಂದವು. ಕರ್ನಾಟಕ ಬಾಡಿಗೆ ಅಧಿನಿಯಮ 1999, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟಿದೆ. ಆ ದರಕ್ಕೆ ಇವತ್ತು ಬೆಂಗಳೂರಿನಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ.